ನಿಮ್ಮ ಮಾರ್ಕ್ಸು ನಿಮಗೆ ಹೇಳುವುದಿಲ್ಲ

ನರಿತಾ

ನಮ್ಮ ಯಜಮಾನರ ಕಂದು ಬಣ್ಣದ ಮಂಕಿ ಕ್ಯಾಪ್ ಹಾಕಿಕೊಂಡು ನಾನು ಜಪಾನಿಗೆ ಹೋದೆ. ತಂಗಿ ವಿಮಲಾ ಫೋನಿನಲ್ಲಿ, "ಅಕ್ಕ, ಇಲ್ಲಿ ಜನವರೀಲಿ ಭಾರಿ ಚಳಿ. ಕಿವಿ ಮುಚ್ಚೋ ಹಾಗೆ ಏನಾದ್ರೂ ತಗೊಂಡ್ ಬಾ" ಎಂದಿದ್ದಳು. ಬೀರು ತೆಗೆದಾಗ ಮೊದಲು ಕೈಗೆ ಸಿಕ್ಕಿದ್ದು ಅದು.

ಮೈಸೂರಿನಲ್ಲಿ ನಮ್ಮದು ಛತ್ರಿ ಅಂಗಡಿ. ಹಿಂದಿನ ವರ್ಷ ಮಳೆ ಶುರುವಾಗಿ ಅಂಗಡಿಗೆ ಸೀಸನ್ ಬರುವ ಹೊತ್ತಿಗೆ ಅವರು ತೀರಿಕೊಂಡರು. ವರ್ಷ ತುಂಬುವ ಮೊದಲೇ ಸಮುದ್ರ ದಾಟುವುದೇ ಎಂದು ಅವರ ಕಡೆಯವರು ಗೊಣಗಿದರು. ವಿಮಲಾ ಕೇಳಲಿಲ್ಲ. "ಮೇಘನಾಗೆ ಕಾಲೇಜಿನ ಪರೀಕ್ಷೆ ಇದೆ. ನಾನು ಬಡಿಸಿದ್ರೆ ತಿನ್ನಲ್ಲ. ನೀನೇ ಬಂದು ಸಾರು ಮಾಡು" ಎಂದಳು. ಸಾರು ಮಾಡುವುದಕ್ಕೆ ನನ್ನನ್ನು ಕರೆಸಿದರು ಎಂದು ನಾನು ನಂಬಿದ್ದೆ. ನನಗೆ ಊಟ ಮಾಡಿಸುವುದಕ್ಕೆ ಕರೆಸಿದರು ಎಂದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು.

ಅದು ಎರಡು ಸಾವಿರದ ಇಸವಿ ಹುಟ್ಟಿದ ಕಾಲ. ಹೊಸ ವರ್ಷದ ದಿನ ಕಂಪ್ಯೂಟರುಗಳಿಗೆಲ್ಲ ತಲೆ ಕೆಟ್ಟು ವಿಮಾನಗಳು ಕೆಳಗಿಳಿಯುವ ದಾರಿ ಮರೆಯುತ್ತವೆ ಎಂದು ಪೇಪರಿನಲ್ಲಿ ಬಂದಿತ್ತು. ಹಾಗಾಗಿ ವಿಮಲಾಳ ಗಂಡ ಮೂರ್ತಿ ನನಗೆ ಜನವರಿಯ ಮೊದಲ ದಿನಗಳು ಕಳೆದ ಮೇಲೆ ಟಿಕೆಟ್ ಮಾಡಿಸಿದ್ದರು. ವಿಮಾನಕ್ಕೆ ದಾರಿ ನೆನಪಿತ್ತು.

ನರಿತಾದಲ್ಲಿ ಕಸ್ಟಮ್ಸಿನವನು ನನ್ನ ಪೆಟ್ಟಿಗೆಯಿಂದ ಅರಳು ಸಂಡಿಗೆಯ ಪೊಟ್ಟಣ ಎತ್ತಿ ಹಿಡಿದು ಏನೋ ಕೇಳಿದ. ಅದನ್ನು ಎಣ್ಣೆಗೆ ಹಾಕಿದರೆ ಏನಾಗುತ್ತದೆ ಎಂದು ಹೇಳಲು ನನಗೆ ಇಂಗ್ಲಿಷೂ ಸಾಲದು, ಜಪಾನಿಯಂತೂ ಇಲ್ಲ. ಎರಡು ಕೆನ್ನೆಯನ್ನೂ ಪುಸ್ಸೆಂದು ಉಬ್ಬಿಸಿ ತೋರಿಸಿದೆ. ಮಂಕಿ ಕ್ಯಾಪಿನೊಳಗೆ ಉಬ್ಬಿದ ಮುಖವನ್ನು ಅವನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ ಪೆಟ್ಟಿಗೆ ಮುಚ್ಚಿದ.

ಇಚಿಕಾವಾ

ಮೂರ್ತಿ ಮದುವೆಯಾದ ಹೊಸದರಲ್ಲೇ ಸಂಶೋಧನೆಗೆಂದು ಜಪಾನಿಗೆ ಹೋದವರು. ಭೂಕಂಪಕ್ಕೆ ಬಿರುಕು ಬಿಡದ ಸಿಮೆಂಟಿನ ಮೇಲೆ ಕೆಲಸ. ನಾನಿದ್ದಾಗ ಒಂದು ಸಲ ನೆಲ ಸಣ್ಣಗೆ ನಡುಗಿತು. ಎಲ್ಲರಿಗಿಂತ ಮೊದಲು ಮೇಜಿನ ಕೆಳಗೆ ಹೋದವರು ಅವರೇ. "ನಿಮ್ಮ ಸಿಮೆಂಟಿನ ಮೇಲೆ ನಿಮಗೇ ನಂಬಿಕೆ ಇಲ್ವಾ?" ಎಂದು ವಿಮಲಾ ಬಗ್ಗಿ ಕೇಳಿದಳು. "ಈ ಬಿಲ್ಡಿಂಗಿಗೆ ನಮ್ಮ ಸಿಮೆಂಟ್ ಹಾಕಿಲ್ಲ ಕಣೇ" ಎಂದು ಕೆಳಗಿನಿಂದ ಉತ್ತರ ಬಂತು.

ಮಗಳು ಮೇಘನಾ ಅಲ್ಲೇ ಹುಟ್ಟಿ ಜಪಾನಿ ಶಾಲೆಯಲ್ಲೇ ಓದಿದವಳು. ಕನ್ನಡ ಎಲ್ಲ ಅರ್ಥವಾಗುತ್ತದೆ. ಮಾತಾಡಬೇಕಾದರೆ ಒಂದೊಂದೇ ಪದವನ್ನು ಮೇಲಿನ ಅಟ್ಟದಿಂದ ಇಳಿಸಿದ ಹಾಗೆ ಇಳಿಸುತ್ತಾಳೆ.

ನಾನು ಹೋದ ಮಾರನೆಯ ದಿನ ಹಾಲು ತರಲು ಬೀದಿಯ ಕೊನೆಯ ಕೊಂಬಿನಿಗೆ ಹೋದೆ. ಕೊಂಬಿನಿ ಎಂದರೆ ಹಗಲೂ ರಾತ್ರಿ ತೆರೆದಿರುವ ಸಣ್ಣ ಅಂಗಡಿ. ಒಳಗೆ ಕಾಲಿಡುತ್ತಲೇ ಗಲ್ಲಾಪೆಟ್ಟಿಗೆಯ ಹತ್ತಿರವಿದ್ದ ಹುಡುಗ ಬೆಳ್ಳಗಾದ. ಬಾಗಿಲಿಗೆ ಅಂಟಿಸಿದ್ದ ಚಿತ್ರವೊಂದನ್ನು ಮೆಲ್ಲಗೆ ತೋರಿಸಿದ. ಅದರಲ್ಲಿ ಹೆಲ್ಮೆಟ್ಟಿನ ಚಿತ್ರ ಇತ್ತು. ಹೆಲ್ಮೆಟ್ ಮಾರುತ್ತಿದ್ದಾನೆ ಅಂದುಕೊಂಡು, "ಬೇಡಪ್ಪ, ನಮ್ಮನೇಲಿ ಸ್ಕೂಟರ್ ಇಲ್ಲ" ಎಂದೆ. ಅವನು ಬಗ್ಗಿದ. ನಾನೂ ಬಗ್ಗಿದೆ. ಹೀಗೆ ಬಗ್ಗುತ್ತಿರುವಾಗ ಮೇಘನಾ ಹುಡುಕಿಕೊಂಡು ಬಂದಳು.

"ದೊಡ್ಡಮ್ಮ, ಮುಖ ಮುಚ್ಕೊಂಡು ಒಳಗೆ ಬರಬಾರದು. ಅವರು ನಿನ್ನನ್ನ ಕಳ್ಳ ಅಂದ್ಕೊಂಡಿದ್ದಾರೆ."

"ಸೀರೆ ಉಟ್ಕೊಂಡು ಬರೋ ಕಳ್ಳ ಇರ್ತಾನೇನೇ?"

ಅವಳು ಅದನ್ನು ಜಪಾನಿಯಲ್ಲಿ ಹೇಳಿದಳೋ ಏನೋ, ಹುಡುಗ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕು, ತಕ್ಷಣ ನಕ್ಕಿದ್ದಕ್ಕೆ "ಸುಮಿಮಾಸೆನ್" ಎಂದ. ಹೆದರಿದ್ದಕ್ಕೊಂದು ಕ್ಷಮೆ, ನಕ್ಕಿದ್ದಕ್ಕೊಂದು ಕ್ಷಮೆ. ನಮ್ಮ ಬೀದಿಯಲ್ಲಾದರೆ ಯಜಮಾನರ ಟೋಪಿ ನೋಡಿ ಯಾರೂ ಕ್ಷಮೆ ಕೇಳುತ್ತಿರಲಿಲ್ಲ. "ಕೋತಿ ಬಂತು" ಎನ್ನುತ್ತಿದ್ದರು, ಅವರೂ ಗುರ್ ಎನ್ನುತ್ತಿದ್ದರು.

ಮನೆಯಲ್ಲಿ ಕೊತಾತ್ಸು ಎಂಬ ಗಿಡ್ಡ ಮೇಜು. ಅದರ ಕೆಳಗೆ ಬಿಸಿ, ಮೇಲೆ ರಜಾಯಿ. ಎಲ್ಲರೂ ಕಾಲನ್ನು ರಜಾಯಿಯೊಳಗೆ ಬಿಟ್ಟುಕೊಂಡು ಕೂರುತ್ತಾರೆ. ಮೇಜಿನ ಮೇಲೆ ಯಾವಾಗಲೂ ಬಾಟಲಿ ನೀರು. ಹೊಸ ವರ್ಷದ ದಿನ ನಲ್ಲಿಯ ಕಂಪ್ಯೂಟರ್ ಕೆಟ್ಟರೆ ಎಂದು ಮೂರ್ತಿ ರಾಶಿ ಬಾಟಲಿ ತಂದಿಟ್ಟಿದ್ದರು. ನಲ್ಲಿ ಕೆಡಲಿಲ್ಲ. ಫೆಬ್ರವರಿಯವರೆಗೂ ನಾವು ಆ ನೀರನ್ನೇ ಕುಡಿದು ತೀರಿಸಿದೆವು.

ಅಲ್ಲಿ ಕೂತು ಮೂರ್ತಿ ನನಗೆ ಪರೀಕ್ಷೆಯ ವಿಷಯ ವಿವರಿಸಿದರು.

"ಅತ್ತಿಗೆ, ಇಡೀ ದೇಶಕ್ಕೆ ಒಂದೇ ಪರೀಕ್ಷೆ. ಪೆನ್ಸಿಲ್ಲಲ್ಲಿ ಸರಿ ಉತ್ತರದ ಗುಂಡು ತುಂಬಿಸೋದು, ಕಂಪ್ಯೂಟರ್ ತಿದ್ದುತ್ತೆ."

"ಆಮೇಲೆ ಮಾರ್ಕ್ಸ್ ಕಾರ್ಡ್ ಬರುತ್ತಾ?"

"ಇಲ್ಲ."

"ಪೇಪರಲ್ಲಿ ನಂಬರ್ ಹಾಕ್ತಾರಾ?"

"ಇಲ್ಲ."

"ಮತ್ತೆ ಇವಳ ಮಾರ್ಕ್ಸು ಇವಳಿಗೆ ಹೆಂಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ."

ನಾನು ಮೇಘನಾಳ ಮುಖ ನೋಡಿದೆ. ಅವಳು ಕಿತ್ತಳೆಹಣ್ಣು ಸುಲಿಯುತ್ತಾ, "ಹೌದು ದೊಡ್ಡಮ್ಮ, ಹೇಳಲ್ಲ" ಎಂದಳು, ಅದರಲ್ಲಿ ವಿಶೇಷವೇನೂ ಇಲ್ಲ ಎನ್ನುವ ಹಾಗೆ.

ಪದ್ಧತಿ ಹೀಗೆ. ಪರೀಕ್ಷೆ ಬರೆದವರಿಗೆ ಅಂಚೆಚೀಟಿಯಷ್ಟು ಸಣ್ಣ ಚೀಟಿಗಳನ್ನು ಕೊಟ್ಟಿರುತ್ತಾರೆ. ಸೇರಬೇಕೆಂದಿರುವ ಸರ್ಕಾರಿ ವಿಶ್ವವಿದ್ಯಾಲಯದ ಅರ್ಜಿಗೆ ಅದನ್ನು ಅಂಟಿಸಬೇಕು. ವಿಶ್ವವಿದ್ಯಾಲಯದವರು ಆ ಚೀಟಿ ತೋರಿಸಿ ಪರೀಕ್ಷೆ ನಡೆಸಿದವರ ಹತ್ತಿರ ಮಾರ್ಕ್ಸು ತರಿಸಿಕೊಳ್ಳುತ್ತಾರೆ. ಮಾರ್ಕ್ಸು ಆ ಕಚೇರಿಯಿಂದ ಈ ಕಚೇರಿಗೆ ನೇರವಾಗಿ ಹೋಗುತ್ತದೆ. ನಡುವೆ ಇರುವ ಹುಡುಗಿಗೆ ಯಾರೂ ಹೇಳುವುದಿಲ್ಲ.

ಹಾಗಾದರೆ ಯಾವ ಕಾಲೇಜಿಗೆ ಅರ್ಜಿ ಹಾಕುವುದೆಂದು ಹೇಗೆ ತೀರ್ಮಾನಿಸುತ್ತಾರೆ? ಅದಕ್ಕೊಂದು ಉಪಾಯ. ಗುಂಡು ತುಂಬಿಸುವಾಗಲೇ ಪ್ರಶ್ನೆಪುಸ್ತಕದಲ್ಲೂ ತಾವು ಬರೆದ ಉತ್ತರಕ್ಕೆ ಗುರುತು ಮಾಡಿಕೊಳ್ಳುತ್ತಾರೆ. ಮಾರನೆಯ ದಿನ ಪೇಪರಿನಲ್ಲಿ ಸರಿ ಉತ್ತರ ಬರುತ್ತದೆ. ದೇಶದ ಮಕ್ಕಳೆಲ್ಲ ಕೂತು ತಮ್ಮ ಪೇಪರನ್ನು ತಾವೇ ತಿದ್ದಿಕೊಳ್ಳುತ್ತಾರೆ!

"ಯಾರೂ ಜಾಸ್ತಿ ಹಾಕ್ಕೊಳಲ್ವಾ?" ಎಂದೆ.

"ಹಾಕ್ಕೊಂಡು ಏನು ಮಾಡೋದು ದೊಡ್ಡಮ್ಮ? ಕಾಲೇಜಿಗೆ ನಿಜ ಗೊತ್ತು."

ನಮ್ಮಲ್ಲಿ ಎಲ್ಲ ಉಲ್ಟಾ. ನಾನು ಎಸ್ಸೆಸ್ಸೆಲ್ಸಿ ಮೊದಲ ಸಲ ನಪಾಸಾದಾಗ ಪೇಪರ್ ನಮ್ಮ ಮನೆಗೆ ಬರುವ ಮೊದಲೇ ಎದುರು ಮನೆಯವರು ನೋಡಿ, ಪಕ್ಕದ ಮನೆಗೆ ಹೇಳಿ, ಅವರು ಹಾಲಿನವನಿಗೆ ಹೇಳಿ, ಅವನು ನನಗೆ ಹಾಲು ಅಳೆಯುತ್ತಾ "ಬೇಜಾರು ಮಾಡ್ಕೋಬೇಡಿ ಅಕ್ಕಾವ್ರೇ" ಎಂದ. ನನ್ನ ಮಾರ್ಕ್ಸು ಇಡೀ ಬೀದಿಯದಾಗಿತ್ತು.

ಇನ್ನೊಂದು ವಿಷಯ ಇತ್ತು. ಅರ್ಜಿಗಳು ತುಂಬಾ ಜಾಸ್ತಿಯಾದರೆ ಕೆಲವು ವಿಶ್ವವಿದ್ಯಾಲಯಗಳು ಈ ಮಾರ್ಕ್ಸು ನೋಡಿ ಕೆಳಗಿನವರನ್ನು ತೆಗೆದುಹಾಕುತ್ತವೆ. ಉಳಿದವರಿಗೆ ಮಾತ್ರ ಅಲ್ಲೇ ಇನ್ನೊಂದು ಪರೀಕ್ಷೆ. ಹೀಗೆ ತೆಗೆದುಹಾಕುವುದಕ್ಕೆ ಅಲ್ಲಿಯವರು 'ಕಾಲು ಕತ್ತರಿಸುವುದು' ಅನ್ನುತ್ತಾರಂತೆ. ಇಷ್ಟು ಮರ್ಯಾದೆಯ ಜನ ಇಂಥ ಮಾತನ್ನು ಎಲ್ಲಿಂದ ತಂದರೋ. ಅಷ್ಟು ಹೊತ್ತಿಗೆ ರಜಾಯಿಯೊಳಗೆ ನನ್ನ ಕಾಲು ಜೋಮು ಹಿಡಿದಿತ್ತು.

ಓಜಿಮಾದ ಬಸವಣ್ಣ

ಮೇಘನಾಗೆ ಉತ್ತರದ ಹಿಮದ ಊರಿಗೆ ಹೋಗಿ ಸಮುದ್ರದ ಪ್ರಾಣಿಗಳ ವಿಷಯ ಓದಬೇಕೆಂಬ ಆಸೆ. ಅದರಲ್ಲೂ ನೀರಿನಲ್ಲಿ ತೇಲುವ, ಜೆಲ್ಲಿಫಿಶ್ ಎನ್ನುವ ಲೋಳೆ ಮೀನಿನ ಮೇಲೆ. ಆ ವಿಶ್ವವಿದ್ಯಾಲಯ ಕಾಲು ಕತ್ತರಿಸುವಂಥದ್ದು. ವಿಮಲಾಳಿಗೆ ಮಗಳು ಮನೆಯ ಹತ್ತಿರದ, ಕಾಲು ಕತ್ತರಿಸದ ಕಾಲೇಜಿನಲ್ಲಿ ಆಹಾರವನ್ನು ಡಬ್ಬಿಗೆ ತುಂಬುವ ವಿದ್ಯೆ ಕಲಿಯಲಿ ಎಂದು. "ಈರುಳ್ಳಿ ತಿನ್ನೋಕೆ ಯೋಚನೆ ಮಾಡ್ತಿದ್ದ ಮನೆತನ ನಮ್ದು. ಇವಳು ಮೀನು ಕುಯ್ಯೋಕೆ ಅಷ್ಟು ದೂರ ಹೋಗ್ತಾಳಂತೆ" ಎಂದು ನನ್ನ ಹತ್ತಿರ ಹೇಳಿಕೊಂಡಳು.

ಪರೀಕ್ಷೆಗೆ ಮೊದಲಿನ ಭಾನುವಾರ ನಾವೆಲ್ಲ ಓಜಿಮಾಕ್ಕೆ ಹೋದೆವು. ಅಲ್ಲಿ ಪ್ರಸನ್ನ ಇದ್ದ. ನಮ್ಮ ಮೈಸೂರಿನವನೇ, ಕಂಪನಿ ಕಳಿಸಿದ ಸಾಫ್ಟ್‌ವೇರ್ ಹುಡುಗ. ವಾರಕ್ಕೊಮ್ಮೆ ವಿಮಲಾಳ ಮನೆಗೆ ಊಟಕ್ಕೆ ಬರುವವನು. ಹೊಸ ವರ್ಷದ ಹಿಂದಿನ ದಿನದಿಂದ ಆಫೀಸಿನಲ್ಲೇ ಕೂತು ಕಂಪ್ಯೂಟರ್ ಕೆಡುತ್ತದೆಯೇ ಎಂದು ಕಾದಿದ್ದನಂತೆ. ಕೆಡಲಿಲ್ಲವೆಂದು ಅವನಿಗೆ ಸ್ವಲ್ಪ ಬೇಜಾರಾಗಿತ್ತು.

"ಪರೀಕ್ಷೆಯ ಕಂಪ್ಯೂಟರ್ ಸಾವಿರದ ಒಂಬೈನೂರು ಅಂದ್ಕೊಂಡು ಬಿಟ್ರೆ, ಇವಳು ಇನ್ನೂ ಹುಟ್ಟೇ ಇಲ್ಲ ಅನ್ನುತ್ತಾ?" ಎಂದು ಕೇಳಿದೆ.

"ಫೀಸ್ ತಗೊಂಡಿದ್ದಾರಲ್ಲ ಆಂಟಿ, ಹುಟ್ಟಿದ್ದಾಳೆ ಬಿಡಿ."

ಅವನೇ ನಮ್ಮನ್ನು ಹತ್ತಿರದ ವಿದ್ಯಾದೇವರ ಗುಡಿಗೆ ಕರೆದುಕೊಂಡು ಹೋದ. ಅಲ್ಲಿ ಪರೀಕ್ಷೆಯ ಮಕ್ಕಳು ಮರದ ಹಲಗೆಯ ಮೇಲೆ ಹೆಸರು, ಬೇಕಾದ ಕಾಲೇಜು ಎಲ್ಲ ಬರೆದು ಸಾಲಾಗಿ ತೂಗುಹಾಕುತ್ತಾರೆ. ಯಾರು ಬೇಕಾದರೂ ಓದಬಹುದು. ಮಾರ್ಕ್ಸು ಗುಟ್ಟು, ಆಸೆ ಬಹಿರಂಗ. ಮೇಘನಾ ಬರೆದು ಹಲಗೆಯನ್ನು ಹಿಂದುಮುಂದಾಗಿ ನೇತುಹಾಕಿದಳು. ವಿಮಲಾ ಹೋಗಿ ತಿರುಗಿಸಿ ನೋಡಿ, "ಮತ್ತೆ ಮೀನೇ!" ಎಂದಳು.

ಅಂಗಳದಲ್ಲಿ ಕಂಚಿನ ಬಸವಣ್ಣ ಮಲಗಿದ್ದ. ಜನ ಸಾಲಾಗಿ ನಿಂತು ಅವನ ತಲೆ ಸವರಿ ಹೋಗುತ್ತಿದ್ದರು. ನನ್ನ ಸರದಿ ಬಂದಾಗ ಊರಿನ ಅಭ್ಯಾಸದಂತೆ ಬಗ್ಗಿ, ಒಂದು ಕಿವಿಯನ್ನು ಕೈಯಿಂದ ಮುಚ್ಚಿ, ಇನ್ನೊಂದು ಕಿವಿಯಲ್ಲಿ ಹೇಳಿಕೊಂಡೆ. ಎಷ್ಟು ಮಾರ್ಕ್ಸು ಅಂತ ಕೇಳುವುದಿಲ್ಲ, ಸಾಕಾಗುವಷ್ಟು ಇರಲಿ ಎಂದೆ. ಯಜಮಾನರ ವಿಷಯವೂ ಒಂದು ಮಾತು ಕೇಳೋಣ ಅನ್ನಿಸಿತು. ಆದರೆ ಹಿಂದೆ ಕ್ಯೂ ಇತ್ತು.

ಎದ್ದು ತಿರುಗಿ ನೋಡಿದೆ. ನನ್ನ ಹಿಂದಿದ್ದ ಜಪಾನಿ ಹೆಂಗಸು ಒಂದು ಕ್ಷಣ ಯೋಚಿಸಿ, ಬಸವಣ್ಣನ ಕಿವಿ ಮುಚ್ಚಿ, ಬಗ್ಗಿ ಪಿಸುಗುಟ್ಟಿದಳು. ಅವಳ ಹಿಂದಿನವಳೂ. ನಾವು ಟೀ ಕುಡಿದು ವಾಪಸು ಬರುವಷ್ಟರಲ್ಲಿ ಒಬ್ಬ ಮುದುಕಪ್ಪ ಹೊಸದಾಗಿ ಬಂದವರಿಗೆ ಯಾವ ಕಿವಿ ಮುಚ್ಚಬೇಕು ಎಂದು ತೋರಿಸಿಕೊಡುತ್ತಿದ್ದ.

"ಆಂಟಿ, ಇನ್ನು ಇದು ಇವರ ಸಂಪ್ರದಾಯ" ಎಂದ ಪ್ರಸನ್ನ. "ಮುಂದಿನ ವರ್ಷ ಬೋರ್ಡ್ ಹಾಕ್ತಾರೆ ನೋಡಿ."

ಪರೀಕ್ಷೆಯ ಬೆಳಿಗ್ಗೆ

ಪರೀಕ್ಷೆ ಬರೆಯುವ ಮಕ್ಕಳ ಮುಂದೆ ಜಾರುವುದು, ಬೀಳುವುದು ಎಂಬ ಮಾತನ್ನೇ ಆಡಬಾರದೆಂದು ಅಲ್ಲಿಯ ನಂಬಿಕೆ. ನಪಾಸಾಗುವುದಕ್ಕೂ ಅವರು ಬೀಳುವುದು ಅಂತಲೇ ಅನ್ನುತ್ತಾರಂತೆ. ವಿಮಲಾ ರಾಹುಕಾಲವನ್ನೂ ಬಿಟ್ಟಿಲ್ಲ, ಜಪಾನಿನದನ್ನೂ ಸೇರಿಸಿಕೊಂಡಿದ್ದಾಳೆ. ಆದರೆ ಬೀಳದೆ ಕನ್ನಡ ಮಾತಾಡುವುದು ಹೇಗೆ? ನಮಗೆ ಬಿಸಿಲು ಬೀಳುತ್ತದೆ, ಕನಸು ಬೀಳುತ್ತದೆ, ಸುದ್ದಿ ಕಿವಿಗೆ ಬೀಳುತ್ತದೆ. "ರಾತ್ರಿ ಒಂದು ಕನಸು..." ಎಂದು ಶುರುಮಾಡಿ ನಾನು ಎಷ್ಟೋ ಸಲ ಬಾಯಿ ತೆರೆದುಕೊಂಡೇ ಕೂತಿದ್ದೇನೆ.

ಇಷ್ಟು ಎಚ್ಚರದಿಂದಿದ್ದವಳು ಪರೀಕ್ಷೆಯ ಬೆಳಿಗ್ಗೆ ಮೇಘನಾಳನ್ನು ಕಳಿಸಿಕೊಡಲು ಹೊರಗೆ ಬಂದೆ. ಬಾಗಿಲ ಮುಂದೆ ರಾತ್ರಿಯ ನೀರು ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಅವಳ ಹಣೆಗೆ ಕುಂಕುಮ ಇಡಲು ಒಂದು ಹೆಜ್ಜೆ ಮುಂದೆ ಹೋದವಳು ಸರ್ರನೆ ಹೋಗಿ ಸೈಕಲ್ ಸ್ಟ್ಯಾಂಡಿನ ಹತ್ತಿರ ಕೂತೆ. ಮಂಕಿ ಕ್ಯಾಪ್ ತಿರುಗಿ ಕಣ್ಣು ಮುಚ್ಚಿತು. ಎಲ್ಲ ಕತ್ತಲೆ. ಕುಂಕುಮದ ಬಟ್ಟಲು ಮಾತ್ರ ಕೈಯಲ್ಲಿ ನೆಟ್ಟಗಿತ್ತು.

ಯಾರೂ ಮಾತಾಡಲಿಲ್ಲ. ಹೆಣ್ಣುಮಗಳು ಜಾರಿ ಬಿದ್ದರೆ ನಮ್ಮೂರಿನಲ್ಲಿ ಅಯ್ಯೋ ಎನ್ನುವವರು ಇರುತ್ತಾರೆ. ಇಲ್ಲಿ ಅಯ್ಯೋ ಎಂದರೂ ಅಪಶಕುನ. ಕೊನೆಗೆ ಪಕ್ಕದ ಮನೆಯ ಯಮಮೋತೊ-ಸಾನ್, ಎಂಬತ್ತು ದಾಟಿದ ಅಜ್ಜಿ, ಬಾಲ್ಕನಿಯಿಂದ ಗಟ್ಟಿಯಾಗಿ ಏನೋ ಕೂಗಿದರು.

"ಏನಂತೆ?" ಎಂದೆ ಟೋಪಿಯ ಒಳಗಿಂದ.

ಮೂರ್ತಿ ಗಂಟಲು ಸರಿಮಾಡಿಕೊಂಡರು. "ಆಹಾ, ಎಷ್ಟು ಚೆನ್ನಾಗಿ ಕೂತ್ಕೊಂಡರು ಅಂತಿದ್ದಾರೆ ಅತ್ತಿಗೆ."

"ಹೌದು, ಕೂತ್ಕೊಂಡೆ" ಎಂದೆ. "ಸ್ವಲ್ಪ ಸುಧಾರಿಸಿಕೊಳ್ಳೋಣ ಅಂತ."

ಮೇಘನಾ ಬಂದು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಟೋಪಿ ಸರಿಮಾಡಿ, ಹಣೆ ಒಡ್ಡಿದಳು. ಅವಳ ತುಟಿ ಅದುರುತ್ತಿತ್ತು. ಅಳುತ್ತಾಳೆ ಅಂದುಕೊಂಡೆ. ನಗು ತಡೆಯುತ್ತಿದ್ದಳು. ರಸ್ತೆಯ ತಿರುವಿನವರೆಗೂ ಅವಳ ಭುಜ ಕುಣಿಯುವುದು ಕಾಣುತ್ತಿತ್ತು.

ಪೇಪರಿನಲ್ಲಿ ಉತ್ತರ ಬಂದ ದಿನ

ಕೊತಾತ್ಸುವಿನ ಮೇಲೆ ಪೇಪರ್ ಹರಡಿತ್ತು. ಪುಟಪೂರ್ತಿ ಬರೀ ಸಂಖ್ಯೆಗಳು. ಮೇಘನಾ ಕೆಂಪು ಪೆನ್ಸಿಲ್ ಹಿಡಿದು ತಿದ್ದುತ್ತಿದ್ದಳು. ಮೂರ್ತಿ ಕೂಡುತ್ತಿದ್ದರು. ಪ್ರಸನ್ನನೂ ಬಂದಿದ್ದ, ವಿಮಲಾ ಬಾಗಿಲ ಹತ್ತಿರ ನಿಂತಿದ್ದಳು. ನಾನು ಅವಲಕ್ಕಿ ಒಗ್ಗರಣೆ ಹಾಕುತ್ತಾ ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದೆ. ಇಂಗ್ಲಿಷು ಚೆನ್ನಾಗಿತ್ತು. ವಿಜ್ಞಾನ ಚೆನ್ನಾಗಿತ್ತು. ಜಪಾನಿ ಭಾಷೆ ಪರವಾಗಿಲ್ಲ. ಗಣಿತದ ಮೊದಲ ಪೇಪರ್ ಪರವಾಗಿಲ್ಲ.

ಆಮೇಲೆ ಏನೂ ಕೇಳಿಸಲಿಲ್ಲ. ಬಾಣಲೆ ಇಳಿಸಿ ಹೋಗಿ ನೋಡಿದೆ. ಗಣಿತದ ಎರಡನೇ ಪ್ರಶ್ನೆಪುಸ್ತಕ ಅವಳ ಮುಂದೆ ತೆರೆದಿತ್ತು. ಅಂಗಡಿಯಿಂದ ಈಗ ತಂದ ಹಾಗೆ ಶುಭ್ರವಾಗಿತ್ತು.

"ಟೈಮ್ ಇರಲಿಲ್ಲ" ಎಂದಳು. "ಶೀಟಲ್ಲಿ ಗುಂಡು ಹಾಕಿದೆ. ಬುಕ್ಕಲ್ಲಿ ಗುರುತು ಹಾಕೋದು... ಮರೆತೆ."

"ಏನು ಬರೆದೆ ಅಂತ ನೆನಪಿಸ್ಕೋ ಪುಟ್ಟ" ಎಂದರು ಮೂರ್ತಿ.

"ನೆನಪಿಲ್ಲ ಅಪ್ಪ. ಮೂರು ಅಂತ ಒಂದು ಇತ್ತು."

"ಎಷ್ಟನೇದಕ್ಕೆ?"

"ಗೊತ್ತಿಲ್ಲ. ಮೂರು ಇತ್ತು."

ಪ್ರಸನ್ನ ಕ್ಯಾಲ್ಕುಲೇಟರ್ ತೆಗೆದ. ಬಹಳ ಹೊತ್ತು ಒತ್ತಿದ. ಕೊನೆಗೆ ತಲೆ ಎತ್ತಿ, "ಸೊನ್ನೆಯಿಂದ ನೂರರ ಒಳಗೆ ಎಷ್ಟೋ ಒಂದು ಬಂದಿದೆ" ಎಂದ.

"ಇದಕ್ಕೇನೋ ನಿನಗೆ ಕಂಪನಿ ಸಂಬಳ ಕೊಡೋದು?" ಎಂದಳು ವಿಮಲಾ. ಆಮೇಲೆ ಒಳಗೆ ಹೋಗಿ ನಲ್ಲಿ ಬಿಟ್ಟು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಮಕ್ಕಳು ತಿದ್ದಿಕೊಂಡ ಮಾರ್ಕ್ಸನ್ನೆಲ್ಲ ಶಾಲೆಯ ಮೂಲಕ ಟ್ಯೂಷನ್ ಕಂಪನಿಯವರು ಸೇರಿಸಿ, ಯಾರಿಗೆ ಯಾವ ಕಾಲೇಜು ಸಿಗಬಹುದು ಎಂದು ಎ ಯಿಂದ ಇ ವರೆಗೆ ಅಕ್ಷರ ಕೊಡುತ್ತಾರೆ. ಮೇಘನಾಳ ಮೇಷ್ಟ್ರು ಕೇಳಿದ್ದು ಒಂದೇ, ಗಣಿತಕ್ಕೆ ಎಷ್ಟೆಂದು ಬರೆಯೋಣ? ಎಂಬತ್ತು ಎಂದರೆ ಉತ್ತರದ ವಿಶ್ವವಿದ್ಯಾಲಯಕ್ಕೆ ಬಿ. ಐವತ್ತು ಎಂದರೆ ಡಿ. ಗೊತ್ತಿಲ್ಲದ್ದನ್ನು ಸೊನ್ನೆ ಎಂದೇ ಹಿಡಿಯುವುದು ಕ್ಷೇಮ, ಹತ್ತಿರದ ಕಾಲೇಜಿಗೆ ಹಾಕು ಎಂದರಂತೆ. ಮೊದಲ ಸುತ್ತಿನಲ್ಲಿ ಒಂದೇ ಸರ್ಕಾರಿ ಕಾಲೇಜಿಗೆ ಅರ್ಜಿ ಹಾಕಬಹುದು. ಎರಡನೇ ಸುತ್ತಿನಲ್ಲಿ ಸೀಟು ಬೆರಳೆಣಿಕೆಯಷ್ಟು. ಉತ್ತರಕ್ಕೆ ಹಾಕಿ ಕಾಲು ಕತ್ತರಿಸಿದರೆ ಹೆಚ್ಚುಕಡಿಮೆ ಒಂದು ವರ್ಷ ಹೋದ ಹಾಗೆ.

ಮಾರ್ಕ್ಸು ಎಲ್ಲೋ ಒಂದು ಕಚೇರಿಯ ಕಂಪ್ಯೂಟರಿನಲ್ಲಿ ಆಗಲೇ ಇತ್ತು. ಯಾರೋ ಒಬ್ಬರು ಗುಂಡಿ ಒತ್ತಿದರೆ ಕಾಣುವಂಥದ್ದು. ಅಕ್ಕಿ ಆರಿಸುತ್ತಾ ನನಗೆ ಅದೇ ಯೋಚನೆ.

ಮೀನಿನ ಮನೆ

ಅರ್ಜಿಯ ಗಡುವು ಹತ್ತಿರವಾಯಿತು. ಮನೆಯಲ್ಲಿ ಅಪ್ಪ ಅಮ್ಮ ಕನ್ನಡದಲ್ಲಿ ಜಗಳ ಶುರುಮಾಡಿ, ಮಗಳಿಗೆ ಗೊತ್ತಾಗುತ್ತದೆಂದು ಹಿಂದಿಗೆ ತಿರುಗಿ, ಹಿಂದಿ ಇಬ್ಬರಿಗೂ ಸರಿಯಾಗಿ ಬಾರದೆ ಮತ್ತೆ ಕನ್ನಡಕ್ಕೇ ಬರುತ್ತಿದ್ದರು. ಮೇಘನಾ ಒಂದು ಮಧ್ಯಾಹ್ನ, "ದೊಡ್ಡಮ್ಮ, ನಿನಗೆ ಮೀನು ತೋರಿಸ್ತೀನಿ ಬಾ" ಎಂದು ನನ್ನನ್ನು ಅಕ್ವೇರಿಯಂಗೆ ಕರೆದುಕೊಂಡು ಹೋದಳು.

ಕತ್ತಲೆ ಕೋಣೆಯಲ್ಲಿ ಗಾಜಿನ ದೊಡ್ಡ ತೊಟ್ಟಿ. ಒಳಗೆ ಲೋಳೆ ಮೀನುಗಳು. ಅವಕ್ಕೆ ಮುಖವಿಲ್ಲ, ಬಾಲವಿಲ್ಲ. ಬಿಳಿ ಬಟ್ಟೆಯ ಛತ್ರಿಗಳು ಮೆಲ್ಲಗೆ ಬಿಚ್ಚುತ್ತಾ ಮಡಚುತ್ತಾ ಮೇಲೆ ಹೋಗುತ್ತಿದ್ದವು. ಗಿರಾಕಿ ಬಂದರೆ ನಮ್ಮ ಯಜಮಾನರು ಹೀಗೇ ಒಂದಾದ ಮೇಲೆ ಒಂದು ಬಿಚ್ಚಿ ತೋರಿಸುತ್ತಿದ್ದರು. ಹತ್ತು ಬಿಚ್ಚಿಸಿ ಒಂದೂ ಕೊಳ್ಳದೆ ಹೋದರೆ, "ನೆಂದು ಬರ್ತಾರೆ ಬಿಡು" ಎನ್ನುತ್ತಿದ್ದರು.

"ನಮ್ಮ ಅಂಗಡಿ ಕಣೇ ಇದು" ಎಂದೆ.

"ಅದಕ್ಕೇ ನನಗೆ ಇಷ್ಟ ದೊಡ್ಡಮ್ಮ. ಚಿಕ್ಕವಳಿದ್ದಾಗ ಮೈಸೂರಿಗೆ ಬಂದಾಗ ದೊಡ್ಡಪ್ಪ ಎಲ್ಲಾ ಛತ್ರಿ ಬಿಚ್ಚಿ ನನ್ನ ಒಳಗೆ ಕೂರಿಸಿದ್ರು."

ನನಗೆ ಅದು ನೆನಪಿರಲಿಲ್ಲ. ಅಂಗಡಿ ತುಂಬಾ ಬಿಚ್ಚಿದ ಛತ್ರಿಗಳನ್ನು ಆಮೇಲೆ ಮಡಚಿದ್ದು ಮಾತ್ರ ನಾನೇ ಇರಬೇಕು.

ಹೊರಗೆ ಬೆಂಚಿನ ಮೇಲೆ ಕೂತೆವು. ಅವಳು ನಾಣ್ಯ ಹಾಕಿ ಯಂತ್ರದಿಂದ ಎರಡು ಬಿಸಿ ಡಬ್ಬಿ ತಂದಳು. ಕಾಫಿ ಇರಬೇಕೆಂದು ಬಾಯಿಗಿಟ್ಟರೆ ಸಿಹಿ, ಗಟ್ಟಿ, ಬೇಳೆಯ ರುಚಿ. ಒಬ್ಬಟ್ಟಿನ ಹೂರಣವನ್ನು ನೀರಲ್ಲಿ ಕದಡಿ ಡಬ್ಬಿಗೆ ತುಂಬಿದ್ದಾರೆ! ಕೆಂಪು ಕಾಳಿನದ್ದಂತೆ. ನಾನು ಡಬ್ಬಿಯನ್ನು ಬಾಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡೆ.

"ಬಿಸಿ ಜಾಸ್ತಿನಾ?"

"ಇಲ್ಲ ಮರಿ. ದೊಡ್ಡಪ್ಪಂಗೂ ಮಾರ್ಕ್ಸು ಹೇಳಿರಲಿಲ್ಲ."

ಅದುವರೆಗೆ ಯಾರ ಹತ್ತಿರವೂ ಹೇಳದಿದ್ದ ಸಂಗತಿ. ಹೇಗೆ ಬಂತೋ ಗೊತ್ತಿಲ್ಲ, ಡಬ್ಬಿಯ ಬಿಸಿಗೆ ಬಂದಿರಬೇಕು. ಹಿಂದಿನ ಯುಗಾದಿಗೆ ಮೊದಲು ಅವರಿಗೆ ಹೊಟ್ಟೆನೋವು ಬಂದು ಪರೀಕ್ಷೆಗಳೆಲ್ಲ ಆದವು. ಡಾಕ್ಟರು ಅವರನ್ನು ಹೊರಗೆ ಕೂರಿಸಿ ನನ್ನನ್ನು ಒಳಗೆ ಕರೆದರು. ಇನ್ನು ಕೆಲವು ತಿಂಗಳು ಎಂದರು. ಅವರಿಗೆ ಹೇಳಬೇಡಿ ಎಂದರು. ನಮ್ಮ ಕಡೆ ಹಾಗೇ ಅಲ್ಲವೇ, ರೋಗಿಯ ರಿಸಲ್ಟು ರೋಗಿಗೊಬ್ಬನಿಗೆ ಬಿಟ್ಟು ಎಲ್ಲರಿಗೂ ಹೋಗುತ್ತದೆ. ಅವರು ಏನೂ ಕೇಳಲಿಲ್ಲ. ಆಟೋದಲ್ಲಿ ಬರುತ್ತಾ ಛತ್ರಿಯ ಕಡ್ಡಿಯ ರೇಟಿನ ವಿಷಯ ಮಾತಾಡಿದರು.

"ಮತ್ತೆ ಗೊತ್ತಾಗ್ಲೇ ಇಲ್ವಾ?" ಎಂದಳು ಮೇಘನಾ.

"ಅವರಿಗೆ ಶುಗರ್ ಇತ್ತಲ್ಲ. ಎಷ್ಟೋ ವರ್ಷದಿಂದ ಹಬ್ಬಕ್ಕೆ ಒಂದೇ ಒಬ್ಬಟ್ಟು ಕೊಡ್ತಿದ್ದೆ, ಅದಕ್ಕೂ ಜಗಳ. ಆ ಯುಗಾದಿಗೆ ನಾನೇ ಎರಡನೇದು ಬಡಿಸಿಬಿಟ್ಟೆ. ಅವರು ಎಲೆ ನೋಡಿದ್ರು, ನನ್ನ ಮುಖ ನೋಡಿದ್ರು. 'ಓಹೋ, ಅಷ್ಟಕ್ಕೆ ಬಂತಾ' ಅಂದ್ರು."

ಮೇಘನಾ ಡಬ್ಬಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು.

"ಆಮೇಲೆ?"

"ಆಮೇಲೇನು. ಮೂರನೇದು ಕೇಳಿದ್ರು."

"ಕೊಟ್ಯಾ?"

"ಕೊಟ್ಟೆ. ತುಪ್ಪ ಸಾಲದು ಅಂತ ಬೈದು ಇನ್ನಷ್ಟು ಹಾಕಿಸ್ಕೊಂಡ್ರು. ಎಷ್ಟು ತಿಂಗಳು ಅಂತ ಕೊನೇವರೆಗೂ ಕೇಳಲಿಲ್ಲ. ದಿನಾ ಏನು ಬೇಕೋ ಅದನ್ನ ಕೇಳಿದ್ರು. ಒಂದು ದಿನ ಬಿಸಿಬೇಳೆಬಾತು, ಒಂದು ದಿನ ಕಾರಂಜಿ ಕೆರೆ. ಒಂದು ದಿನ ನಾನು ಹಾಡಬೇಕಂತೆ. ನನ್ನ ಹಾಡು ಕೇಳಿ, ಸಾಕು ಇನ್ನು ಹೋಗ್ತೀನಿ ಅಂದ್ರು."

ಅವಳು ಮೊದಲು ನಕ್ಕಳು. ಆಮೇಲೆ ಅತ್ತಳು. ಎರಡೂ ಒಟ್ಟಿಗೆ ಬಂದು ಮೂಗಿನಿಂದ ಹೂರಣ ಬಂತು. ನಾನೂ ಅತ್ತೆ. ಅವರು ಹೋದಮೇಲೆ ನಾನು ಸರಿಯಾಗಿ ಅತ್ತಿದ್ದು ಜಪಾನಿನ ಒಂದು ಬೆಂಚಿನ ಮೇಲೆ, ಮಂಕಿ ಕ್ಯಾಪ್ ಹಾಕಿಕೊಂಡು. ಪಕ್ಕದ ಬೆಂಚಿನ ಜನ ನೋಡದವರ ಹಾಗೆ ಎದ್ದು ಮೀನಿನ ಕಡೆ ಹೋದರು.

ಮನೆಗೆ ಬಂದು ಮೇಘನಾ ಅಪ್ಪ ಅಮ್ಮನ ಮುಂದೆ ಅರ್ಜಿ ಇಟ್ಟಳು. "ಮಾರ್ಕ್ಸ್ ಗೊತ್ತಿಲ್ಲ. ಸೊನ್ನೆನೂ ಅಲ್ಲ, ಎಂಬತ್ತೂ ಅಲ್ಲ. ಗೊತ್ತಿಲ್ಲ. ಅದಕ್ಕೆ ಬೇಕಾದ್ದು ಕೇಳ್ತೀನಿ" ಎಂದಳು. ಅಷ್ಟು ಉದ್ದದ ಕನ್ನಡ ಅವಳ ಬಾಯಿಂದ ನಾನು ಕೇಳಿರಲಿಲ್ಲ. ವಿಮಲಾ ನನ್ನ ಕಡೆ ನೋಡಿದಳು, ನಾನು ಪೆಟ್ಟಿಗೆಯಲ್ಲಿ ಸಂಡಿಗೆ ಹುಡುಕುವವಳ ಹಾಗೆ ಬಗ್ಗಿದೆ.

"ಅಲ್ಲಿ ಚಳಿ ಜಾಸ್ತಿ ಪುಟ್ಟ" ಎಂದಳು ವಿಮಲಾ ಕೊನೆಗೆ. ಅಷ್ಟೇ ಅವಳ ಒಪ್ಪಿಗೆ.

ಚೀಟಿ ಅಂಟಿಸಲು ನೋಡಿದರೆ ಮನೆಯಲ್ಲಿ ಗೋಂದು ಒಣಗಿತ್ತು. ನಾನು ಕುಕ್ಕರಿನಿಂದ ನಾಲ್ಕು ಅಗುಳು ಅನ್ನ ತಂದೆ. ನಮ್ಮ ಸೋನಾ ಮಸೂರಿಯಾದರೆ ಉಜ್ಜಿ ಉಜ್ಜಿ ಬೆರಳು ನೋಯುತ್ತದೆ. ಜಪಾನಿನ ಅನ್ನ ಇದಕ್ಕೆಂದೇ ಹುಟ್ಟಿದ ಹಾಗೆ ಪಟ್ಟನೆ ಹಿಡಿಯಿತು.

"ಅತ್ತಿಗೆ, ಕಂಪ್ಯೂಟರಿಗೆ ಅನ್ನ ಅಂಟಿಕೊಂಡ್ರೆ?" ಎಂದರು ಮೂರ್ತಿ ಗಾಬರಿಯಿಂದ.

"ಪಾಪ, ತಿನ್ನಲಿ" ಎಂದೆ. "ಹೊಸ ವರ್ಷದಿಂದ ಎಲ್ಲರೂ ಅದನ್ನ ಬೈದಿದ್ದೇ ಆಯ್ತು."

ಕಾಲು

ನಾನು ಹೊರಡುವ ದಿನ ಹತ್ತಿರ ಬಂದರೂ ಉತ್ತರದಿಂದ ಏನೂ ಬಂದಿರಲಿಲ್ಲ. ಕಾಲು ಉಳಿದರೆ ಎರಡನೇ ಪರೀಕ್ಷೆಯ ಪ್ರವೇಶಪತ್ರ ಬರುತ್ತದೆ. ಕತ್ತರಿಸಿದ್ದರೆ ಅದಕ್ಕೂ ಒಂದು ಕಾಗದ ಬರುತ್ತದಂತೆ, ಬಹಳ ವಿನಯವಾಗಿ. ಪೋಸ್ಟಿನವನ ಸ್ಕೂಟರ್ ಶಬ್ದ ಕೇಳಿದರೆ ಸಾಕು, ಎಲ್ಲರ ಕಾಲೂ ಕೊತಾತ್ಸುವಿನ ಒಳಗೆ ಒಂದಕ್ಕೊಂದು ತಾಗುತ್ತಿದ್ದವು.

ಕೊನೆಗೆ ಬಂತು. ಲಕೋಟೆ ದಪ್ಪಗಿತ್ತು. ಮೇಘನಾ ನಿಂತೇ ಒಡೆದಳು. ಅವಳ ಫೋಟೋ ಇದ್ದ ಒಂದು ಹಾಳೆ ಎತ್ತಿ ತೋರಿಸಿ, ನನ್ನ ಕಡೆ ತಿರುಗಿ, ಲಂಗದ ಕೆಳಗಿನಿಂದ ಒಂದು ಕಾಲು ಎತ್ತಿದಳು. ಆಮೇಲೆ ಅದನ್ನಿಳಿಸಿ ಇನ್ನೊಂದು ಎತ್ತಿದಳು.

"ಎರಡೂ ಇದೆ ದೊಡ್ಡಮ್ಮ."

ಗೋಡೆಯ ಆಚೆಯಿಂದ ಯಮಮೋತೊ-ಸಾನ್ ಏನೋ ಕೂಗಿದರು. ಗಲಾಟೆ ಕೇಳಿ ಭೂಕಂಪ ಅಂದುಕೊಂಡಿದ್ದರಂತೆ.

ಗಣಿತದಲ್ಲಿ ಎಷ್ಟು ಬಂದಿದೆಯೆಂದು ಆ ಲಕೋಟೆಯಲ್ಲೂ ಇರಲಿಲ್ಲ.

ಹೊರಡುವ ದಿನ ಮಂಕಿ ಕ್ಯಾಪನ್ನು ಅವಳಿಗೆ ಕೊಟ್ಟೆ. ಉತ್ತರದಲ್ಲಿ ಮೊಣಕಾಲು ಮುಳುಗುವಷ್ಟು ಹಿಮವಂತೆ. ಪೆಟ್ಟಿಗೆಯಲ್ಲಿ ಸಂಡಿಗೆ ಇದ್ದ ಜಾಗಕ್ಕೆ ಅವಳು ಆ ಹೂರಣದ ಡಬ್ಬಿಗಳನ್ನು ತುಂಬಿದಳು. ವಿಮಾನದಲ್ಲಿ ನನ್ನ ಕಿವಿ ತಣ್ಣಗಾಯಿತು. ಕೈ ಎರಡು ಮೂರು ಸಲ ತಲೆಗೆ ಹೋಗಿ ಬಂತು.

ಮೈಸೂರು

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಫೋನು ಬಂತು.

"ದೊಡ್ಡಮ್ಮ, ಬಿದ್ದೆ!"

ನಾನು ಹತ್ತಿರದ ಕುರ್ಚಿ ಎಳೆದುಕೊಂಡು ಕೂತೆ.

"ಪರೀಕ್ಷೆ ದಿನ ಗೇಟಿನ ಹತ್ತಿರ ಐಸಲ್ಲಿ ಬಿದ್ದೆ. ದೊಡ್ಡಪ್ಪನ ಟೋಪಿ ಕಣ್ಣು ಮುಚ್ತು. ನಿನ್ನ ಹಾಗೇ! ಎಲ್ಲರೂ ಸುಮ್ಮನೆ ನಿಂತ್ರು. ಚೆನ್ನಾಗಿ ಕೂತ್ಕೊಂಡೆ ಅಂತ ನಾನೇ ಹೇಳಿದೆ. ರಿಸಲ್ಟ್ ಬರೋವರೆಗೂ ಅಮ್ಮನಿಗೆ ಹೇಳಿರಲಿಲ್ಲ."

"ರಿಸಲ್ಟ್ ಏನಾಯ್ತೇ?"

"ಸಿಕ್ತು, ದೊಡ್ಡಮ್ಮ. ಲೋಳೆ ಮೀನು ಸಿಕ್ತು."

ಫೋನಿಟ್ಟು ಕಡಲೆಬೇಳೆ ಬೇಯಲು ಹಾಕಿದೆ. ಹೂರಣದ ವಾಸನೆ ಬೀದಿಗೆ ಹೋಗಿ ಎದುರು ಮನೆಯ ಪದ್ಮಮ್ಮ ಗೇಟಿನ ಹತ್ತಿರ ಬಂದರು.

"ಏನ್ರೀ, ಒಬ್ಬಟ್ಟಾ? ನಿಮಗೆ ಈ ವರ್ಷ ಹಬ್ಬ ಇಲ್ವಲ್ಲ?"

"ಹಬ್ಬ ಅಲ್ಲ ಪದ್ಮಮ್ಮ. ನಮ್ಮ ವಿಮಲನ ಮಗಳಿಗೆ ಕಾಲೇಜಲ್ಲಿ ಸೀಟು ಸಿಕ್ತು."

"ಹೌದಾ! ಎಷ್ಟು ಪರ್ಸೆಂಟು?"

"ಗೊತ್ತಿಲ್ಲ ಕಣ್ರೀ. ಅಲ್ಲಿ ಹೇಳಲ್ಲ."

ಪದ್ಮಮ್ಮ ನನ್ನ ಮುಖವನ್ನು ಮರುಕದಿಂದ ನೋಡಿದರು. "ಹೋಗ್ಲಿ ಬಿಡಿ, ಕಮ್ಮಿ ಬಂದ್ರೇನಾಯ್ತು. ಸೀಟು ಸಿಕ್ತಲ್ಲ" ಎಂದು ಸಮಾಧಾನ ಹೇಳಿ ಎರಡು ಒಬ್ಬಟ್ಟು ಕಟ್ಟಿಸಿಕೊಂಡು ಹೋದರು. ಸಂಜೆಯೊಳಗೆ ಇಡೀ ಬೀದಿಗೆ ಮೇಘನಾ ಕಡಿಮೆ ಮಾರ್ಕ್ಸು ತೆಗೆದಳೆಂದು ಗೊತ್ತಾಗಿತ್ತು.

ನಾನು ಎಲೆ ಹಾಕಿಕೊಂಡು ಕೂತೆ. ಒಂದು ತಿಂದೆ. ಎರಡು ತಿಂದೆ. ಮೂರನೆಯದು ಬಡಿಸಿಕೊಂಡು, ತುಪ್ಪ ಸಾಲದು ಅನ್ನಿಸಿ, ಎದ್ದು ಹೋಗಿ ಇನ್ನಷ್ಟು ಹಾಕಿಕೊಂಡು ಬಂದೆ.